ಮನೆಯೊಳಗೆ ಬಂದ ಬೂಟು: 1897ರ ಪುಣೆ ಪ್ಲೇಗು ಮತ್ತು ಅದರಿಂದ ಬದಲಾದ ರಾಜಕೀಯ

1897ರ ಮಾರ್ಚ್ ತಿಂಗಳಲ್ಲಿ, ಪುಣೆಯಲ್ಲಿ, ಮೂರೇ ದಿನದ ಅಂತರದಲ್ಲಿ ಎರಡು ಸಂಗತಿ ನಡೆದವು.

ಮಾರ್ಚ್ 10ಕ್ಕೆ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಊರ ಹೊರಗಿನ ಮುಂಢ್ವಾದ ದಲಿತ ಕೇರಿಯಲ್ಲಿ ಒಬ್ಬ ಹುಡುಗನಿಗೆ ಪ್ಲೇಗು ತಗುಲಿತ್ತು. ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಮಗ ಯಶವಂತ ನಡೆಸುತ್ತಿದ್ದ ಚಿಕಿತ್ಸಾ ಶಿಬಿರಕ್ಕೆ ಕರೆತಂದರು. ಆಗ ಅವರಿಗೆ 66 ವರ್ಷ. ರೋಗ ಅವರಿಗೂ ಅಂಟಿತು, ಅದರಲ್ಲೇ ಹೋದರು.

ಮಾರ್ಚ್ 13ಕ್ಕೆ ಬ್ರಿಟಿಷ್ ಸೋಲ್ಜರುಗಳು ಪುಣೆಯ ಮನೆಮನೆ ತಪಾಸಣೆ ಶುರು ಮಾಡಿದರು.

ಎರಡೂ ಪ್ಲೇಗಿನ ವಿರುದ್ಧದ ಕೆಲಸವೇ. ರೋಗಿಯನ್ನು ಹುಡುಕಬೇಕು, ಮನೆಯಿಂದ ಹೊರಗೆ ತರಬೇಕು, ಬೇರೆ ಕಡೆ ಇಡಬೇಕು. ಮಾಡಿದ್ದು ಒಂದೇ ಕೆಲಸ. ಆದರೆ ಒಂದನ್ನು ಊರು ಇವತ್ತಿಗೂ ಕೈ ಮುಗಿದು ನೆನೆಯುತ್ತದೆ, ಇನ್ನೊಂದಕ್ಕೆ ಉತ್ತರವಾಗಿ ಮೂರು ತಿಂಗಳಲ್ಲಿ ಗುಂಡು ಹಾರಿತು. ಸಾಂಕ್ರಾಮಿಕ ರೋಗ ಬಂದಾಗ ಜನರ ರಾಜಕೀಯ ಹೇಗೆ ಬದಲಾಗುತ್ತದೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಮೂರು ದಿನ. ನನ್ನ ಮಟ್ಟಿಗೆ ಪ್ರಶ್ನೆ ಇಷ್ಟೇ. ಸರ್ಕಾರ ಮನೆಯ ಹೊಸ್ತಿಲು ದಾಟಿ ಒಳಗೆ ಬರುವಾಗ ಹೇಗೆ ಬರುತ್ತದೆ? ಪುಣೆಯ ಪ್ರಕರಣವನ್ನು ಪೂರ್ತಿ ಬಿಡಿಸಿ ನೋಡಿದರೆ ಇದು ಎಷ್ಟು ದೊಡ್ಡ ಪ್ರಶ್ನೆ ಅಂತ ಗೊತ್ತಾಗುತ್ತದೆ.

ಪ್ಲೇಗು ಪುಣೆಗೆ ಬಂದಿದ್ದು ಮುಂಬಯಿಯಿಂದ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಹಬ್ಬಿದ ರೋಗ ಹಡಗು ಹತ್ತಿ ಬಂತು. 1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಅದನ್ನು ಗುರುತಿಸಿದರು. ಮುಂಬಯಿಯ ಜನ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದರು, ಜೊತೆಗೆ ರೋಗವೂ ಹತ್ತಿತು. ಅದೇ ವರ್ಷ ದಖ್ಖನ್ನಿನಲ್ಲಿ ಬರಗಾಲ ಬೇರೆ. ಫೆಬ್ರವರಿ ಕೊನೆಯ ಹೊತ್ತಿಗೆ ಪುಣೆಯ ಅರ್ಧದಷ್ಟು ಜನ ಊರು ಬಿಟ್ಟಿದ್ದರು. ಹೋಗಲು ಬೇರೆ ಊರಲ್ಲಿ ಮನೆ, ಬಂಧುಗಳು ಇದ್ದವರು ಹೋದರು. ಉಳಿದವರು ಉಳಿದರು.

ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದರು, "ಇಲಿ ಬಿತ್ತು ಅಂದ್ರೆ ಊರು ಬಿಡಬೇಕು" ಅಂತ. ಅವರು ಚಿಕ್ಕವರಿದ್ದಾಗಲೂ ನಮ್ಮ ಕಡೆ ಹಳ್ಳಿಗಳಿಗೆ ಪ್ಲೇಗು ಬರುತ್ತಿತ್ತಂತೆ. ಅಟ್ಟದಿಂದ ಸತ್ತ ಇಲಿ ಉದುರಿದ ಕೂಡಲೇ ಇಡೀ ಊರು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂರುತ್ತಿತ್ತಂತೆ. ಇದು ಮುಖ್ಯ, ಯಾಕೆಂದರೆ 1897ರಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳಿಗೂ ಇಲಿಯ ಪಾತ್ರ ಸರಿಯಾಗಿ ಗೊತ್ತಿರಲಿಲ್ಲ. ರೋಗ ಕೊಳಕಿನಲ್ಲಿದೆ, ನೆಲದಲ್ಲಿದೆ, ಬಟ್ಟೆಯಲ್ಲಿದೆ, ಮನುಷ್ಯರಿಂದ ಮನುಷ್ಯರಿಗೆ ಅಂಟುತ್ತದೆ ಅಂತ ನಂಬಿದ್ದರು. ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಅಂತ ಫ್ರೆಂಚ್ ವೈದ್ಯ ಸಿಮೊಂಡ್ ಕರಾಚಿಯಲ್ಲಿ ತೋರಿಸಿಕೊಟ್ಟಿದ್ದು 1898ರಲ್ಲಿ. ಎಲ್ಲರೂ ಅದನ್ನು ಒಪ್ಪಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಅಂದರೆ ಪುಣೆಯಲ್ಲಿ ನೆಲ ಅಗೆದದ್ದು, ಬಟ್ಟೆ ಸುಟ್ಟದ್ದು, ಆರೋಗ್ಯವಾಗಿದ್ದ ಸಂಬಂಧಿಕರನ್ನು ಕ್ಯಾಂಪಿಗೆ ಎಳೆದೊಯ್ದದ್ದು, ಇದರಲ್ಲಿ ಹೆಚ್ಚಿನದು ರೋಗದ ದಾರಿಗೆ ಅಡ್ಡವೇ ಬರಲಿಲ್ಲ.

ಇನ್ನು ಕಾನೂನು. 1897ರ ಫೆಬ್ರವರಿ 4ಕ್ಕೆ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ನಾಲ್ಕೇ ಸೆಕ್ಷನ್, ಒಂದು ಪುಟದಲ್ಲಿ ಮುಗಿಯುವ ಕಾಯ್ದೆ. ಸರ್ಕಾರಕ್ಕೆ ಅಗತ್ಯ ಅನ್ನಿಸಿದ ಯಾವ ನಿಯಮವನ್ನಾದರೂ ಮಾಡಬಹುದು, ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ಕೇಸು ಹಾಕುವಂತಿಲ್ಲ. ಜನರ ಹಕ್ಕಿನ ಬಗ್ಗೆ ಒಂದು ಸಾಲೂ ಇಲ್ಲ. ಇಷ್ಟು ಅವಸರ ಯಾಕಿತ್ತು ಅಂದರೆ, ಯುರೋಪಿನ ದೇಶಗಳು ಹಿಂದೂಸ್ತಾನದ ಹಡಗುಗಳನ್ನು ತಡೆಯುವ ಮಾತಾಡುತ್ತಿದ್ದವು. ಅದೇ ವರ್ಷ ವೆನಿಸ್‌ನಲ್ಲಿ ಅದಕ್ಕಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ವ್ಯಾಪಾರ ನಿಲ್ಲುತ್ತದೆ ಅನ್ನುವ ಭಯ ದೊಡ್ಡದಿತ್ತು. ಬರಗಾಲದಲ್ಲಿ ಜನ ಸಾಯುವಾಗ ಕಾಣದ ಚುರುಕು ಪ್ಲೇಗಿಗೆ ಕಂಡಿತು ಅನ್ನೋದನ್ನು ಆ ಕಾಲದ ಜನರೂ ಗಮನಿಸಿದ್ದರು.

ಪುಣೆಯಲ್ಲಿ ಈ ಕಾಯ್ದೆಯನ್ನು ಜಾರಿ ಮಾಡಲು ಬಂದವರು ವಾಲ್ಟರ್ ಚಾರ್ಲ್ಸ್ ರ‍್ಯಾಂಡ್. ಅದಕ್ಕೆ ಮುಂಚೆ ಸಾತಾರಾದಲ್ಲಿ ಅಸಿಸ್ಟೆಂಟ್ ಕಲೆಕ್ಟರ್. ಅಲ್ಲಿ ವಾಯಿ ಊರಿನಲ್ಲಿ ಮಸೀದಿ ಮುಂದೆ ವಾದ್ಯ ಬಾರಿಸಿದ ವಿಷಯಕ್ಕೆ ಊರಿನ ದೊಡ್ಡವರನ್ನು ಜೈಲಿಗೆ ಹಾಕಿಸಿದ್ದ ಖಡಕ್ ಅಧಿಕಾರಿ ಅನ್ನುವ ಹೆಸರು ಅವರಿಗಿಂತ ಮುಂಚೆ ಪುಣೆಗೆ ಬಂದಿತ್ತು. ವಿಶೇಷ ಪ್ಲೇಗು ಸಮಿತಿಗೆ ಅವರೇ ಅಧ್ಯಕ್ಷರು. ಬ್ರಿಟಿಷ್ ಮತ್ತು ದೇಶಿ ಸೇರಿ 893 ಅಧಿಕಾರಿಗಳು ಮತ್ತು ಸೈನಿಕರನ್ನು ಪ್ಲೇಗು ಡ್ಯೂಟಿಗೆ ಹಾಕಿದರು. ಮನೆ ಮನೆ ನುಗ್ಗಿದವರಲ್ಲಿ ಡರ್ಹಮ್ ಲೈಟ್ ಇನ್‌ಫೆಂಟ್ರಿಯ ಗೋರಾ ಸೋಲ್ಜರುಗಳಿದ್ದರು.

ಒಂದು ತಪಾಸಣೆ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ.

ಪುಣೆಯ ಹಳೇ ಪೇಟೆಯ ಒಂದು ವಾಡೆ ಅಂದುಕೊಳ್ಳಿ. ಮಧ್ಯೆ ಅಂಗಳ, ಸುತ್ತ ಕೋಣೆಗಳು, ಒಂದೇ ವಾಡೆಯಲ್ಲಿ ನಾಲ್ಕೈದು ಸಂಸಾರ. ಬೆಳಿಗ್ಗೆ ಹೊತ್ತು. ಮೊದಲೇ ತಿಳಿಸುವ ಪದ್ಧತಿ ಇಲ್ಲ, ಯಾಕೆಂದರೆ ತಿಳಿಸಿದರೆ ರೋಗಿಯನ್ನು ಬಚ್ಚಿಡುತ್ತಾರೆ. ಬೀದಿಯ ಎರಡು ತುದಿಗೂ ಕಾವಲು. ಬಾಗಿಲು ತೆಗೆಯದಿದ್ದರೆ ಒಡೆಯುತ್ತಾರೆ. ಬೂಟು ಹಾಕಿಕೊಂಡೇ ಪಡಸಾಲೆ, ಅಡುಗೆ ಮನೆ, ದೇವರ ಮನೆ. ಅಟ್ಟ ನೋಡುತ್ತಾರೆ, ಕಣಜ ನೋಡುತ್ತಾರೆ. ಕತ್ತಲೆ ಕೋಣೆಯಲ್ಲಿ ಜ್ವರ ಬಂದು ಮಲಗಿದವರು ಯಾರಾದರೂ ಇದ್ದರೆ ಮುಗಿಯಿತು, ಅದು ಪ್ಲೇಗಿನ ಜ್ವರವೋ ಬರೀ ಜ್ವರವೋ ಅಂತ ನಿರ್ಧರಿಸುವ ತನಕ ಅವರು ಆಸ್ಪತ್ರೆಗೆ, ಮನೆಯವರು ಕ್ಯಾಂಪಿಗೆ. ಆಮೇಲೆ ಹಾಸಿಗೆ, ಬಟ್ಟೆ ಬೆಂಕಿಗೆ. ನೆಲ ಅಗೆದು, ಗೋಡೆಗೆ ಸುಣ್ಣ ಬಳಿದು ಹೋಗುತ್ತಾರೆ. ಮನೆಯವರು ವಾಪಸ್ ಬಂದಾಗ ಎಷ್ಟೋ ಸಾಮಾನು ಇರುತ್ತಿರಲಿಲ್ಲ ಅನ್ನುವ ದೂರು ಆಗಿನಿಂದಲೂ ಇದೆ.

ಇದೆಲ್ಲಕ್ಕಿಂತ ಜಾಸ್ತಿ ಉರಿಸಿದ್ದು ಇನ್ನೊಂದು. ಪ್ಲೇಗಿನ ಗಡ್ಡೆ ಏಳುವುದು ಕಂಕುಳಲ್ಲಿ ಮತ್ತು ತೊಡೆಸಂದಿನಲ್ಲಿ. ಅಂದರೆ ರೋಗ ಇದೆಯೋ ಇಲ್ಲವೋ ಅಂತ ನೋಡಬೇಕಾದರೆ ಅಲ್ಲೇ ಮುಟ್ಟಿ ನೋಡಬೇಕು. ಪರಗಂಡಸಿನ ಮುಂದೆ ಬಂದೇ ಗೊತ್ತಿಲ್ಲದ ಹೆಂಗಸರು. ಹೆಂಗಸರನ್ನು ಹೆಂಗಸರೇ ನೋಡಬೇಕು, ಜನರ ಆಚಾರಕ್ಕೆ ಧಕ್ಕೆ ಆಗಬಾರದು ಅಂತ ಸರ್ಕಾರದ ಆದೇಶಗಳಲ್ಲಿ ಬರೆದಿತ್ತು. ಅದು ಕಾಗದದ ಮೇಲೆ. ಬೀದಿಯಲ್ಲಿ, ಅಂಗಳದಲ್ಲಿ ಹೆಂಗಸರ ಸೀರೆ ಎಳೆಸಿ ನೋಡಿದರು ಅನ್ನುವ ದೂರು ಮತ್ತೆ ಮತ್ತೆ ಬಂತು. ಹೆಂಗಸರ ಮಾನಕ್ಕೆ ಉದ್ದೇಶಪೂರ್ವಕವಾಗಿ ಧಕ್ಕೆ ಮಾಡಿದ ನಂಬುವಂಥ ದೂರು ಒಂದೂ ಬರಲಿಲ್ಲ ಅಂತ ರ‍್ಯಾಂಡ್ ತಮ್ಮ ವರದಿಯಲ್ಲಿ ಬರೆದರು. ನಾನು ಆ ಸಾಲಿನ ಬಗ್ಗೆ ಬಹಳ ಯೋಚನೆ ಮಾಡಿದ್ದೇನೆ. ಮೈ ಮುಟ್ಟಿಸಿಕೊಂಡ ಹೆಂಗಸು ಆ ಕಾಲದಲ್ಲಿ ಯಾರ ಹತ್ತಿರ ಹೋಗಿ, ಯಾವ ಬಾಯಲ್ಲಿ, ಸೋಲ್ಜರುಗಳ ಸಾಹೇಬರ ಮುಂದೆಯೇ ನಿಂತು ದೂರು ಹೇಳಬೇಕಿತ್ತು?

ಗೋಪಾಲ ಕೃಷ್ಣ ಗೋಖಲೆಯವರಿಗೆ ಆಗಿದ್ದೂ ಇದೇ. ಅವರು ಆಗ ಇಂಗ್ಲೆಂಡಿನಲ್ಲಿದ್ದರು, ಹಿಂದೂಸ್ತಾನದ ಸರ್ಕಾರಿ ಖರ್ಚನ್ನು ಪರಿಶೀಲಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳಲು ಹೋಗಿದ್ದರು. ಪುಣೆಯ ಗೆಳೆಯರಿಂದ ಕಾಗದಗಳು ಬಂದವು. ಇಬ್ಬರು ಹೆಂಗಸರ ಮೇಲೆ ಸೋಲ್ಜರುಗಳು ಅತ್ಯಾಚಾರ ಮಾಡಿದ್ದಾರೆ, ಅವರಲ್ಲಿ ಒಬ್ಬಳು ಪ್ರಾಣ ಕಳೆದುಕೊಂಡಿದ್ದಾಳೆ ಅನ್ನುವ ಸುದ್ದಿಯನ್ನು ನಂಬಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ಹೇಳಿದರು. ಅಲ್ಲಿ ಗದ್ದಲವಾಯಿತು. ವಾಪಸ್ ಬಂದಾಗ ಸಾಕ್ಷಿ ಕೊಡಿ ಅಂದರು. ಕಾಗದ ಬರೆದ ಗೆಳೆಯರು ಯಾರೂ ಮುಂದೆ ಬರಲಿಲ್ಲ. ಗೋಖಲೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅವರ ಪಕ್ಷದವರೇ ಹೇಡಿ ಅಂದರು. ಆ ಕ್ಷಮೆಯ ಕಲೆ ಅವರನ್ನು ವರ್ಷಗಟ್ಟಲೆ ಬಿಡಲಿಲ್ಲ. ಮುಂದೆ ಪ್ಲೇಗು ಮತ್ತೆ ಬಂದಾಗ ಅವರೇ ಸ್ವಯಂಸೇವಕರಾಗಿ ಕೆಲಸಕ್ಕೆ ಇಳಿದರು, ಇದನ್ನು ಜನ ಅಷ್ಟಾಗಿ ಹೇಳುವುದಿಲ್ಲ.

ದನಿ ಎತ್ತಿದವರಲ್ಲಿ ಪಂಡಿತಾ ರಮಾಬಾಯಿಯವರೂ ಇದ್ದರು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು, ಪುಣೆಯಲ್ಲಿ ವಿಧವೆಯರ ಶಾಲೆ ನಡೆಸುತ್ತಿದ್ದವರು. ಪ್ಲೇಗು ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ ಅಂತ ಪತ್ರಿಕೆಗೆ ಬರೆದರು. ಅವರದು ಸಂಪ್ರದಾಯವಾದಿಗಳ ದನಿ ಅಲ್ಲವೇ ಅಲ್ಲ. ಕ್ರಿಶ್ಚಿಯನ್ ಧರ್ಮಕ್ಕೆ ಸೇರಿದ್ದಕ್ಕೆ ಪುಣೆಯ ಸಂಪ್ರದಾಯಸ್ಥರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ 1897ರ ಬೇಸಿಗೆಯಲ್ಲಿ ರಮಾಬಾಯಿ, ಗೋಖಲೆ, ತಿಲಕರು, ಮೂವರೂ ಒಂದೇ ವಿಷಯಕ್ಕೆ ಸಿಟ್ಟಾಗಿದ್ದರು. ಬೇರೆ ಯಾವ ವಿಷಯಕ್ಕೂ ಒಂದಾಗದ ಜನ ಇವರು. ಸಾಂಕ್ರಾಮಿಕ ರೋಗ ರಾಜಕೀಯಕ್ಕೆ ಮಾಡುವ ದೊಡ್ಡ ಕೆಲಸ ಇಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಬರಗಾಲ ಬಡವರನ್ನು ಮುಟ್ಟಿತು. ತೆರಿಗೆ ರೈತರನ್ನು ಮುಟ್ಟಿತು. ಕೌನ್ಸಿಲ್ಲು, ನೌಕರಿ ಇವೆಲ್ಲ ಓದಿದವರ ಚಿಂತೆ. ಪ್ಲೇಗು ತಪಾಸಣೆ ಮಾತ್ರ ಎಲ್ಲರ ಮನೆಯ ಅಡುಗೆ ಕೋಣೆಗೂ ಬಂತು. ಅಲ್ಲಿಯ ತನಕ ಸರ್ಕಾರ ಅಂದರೆ ಕಚೇರಿ, ಕೋರ್ಟು. ಈಗ ಅದು ಮನೆಯ ಹೆಂಗಸರು, ಮಕ್ಕಳ ಕಣ್ಣ ಮುಂದೆ ಬೂಟು ಹಾಕಿಕೊಂಡು ನಿಂತಿತ್ತು.

ಬಾಲ ಗಂಗಾಧರ ತಿಲಕರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಅವರು ಪ್ಲೇಗಿನ ಕ್ರಮಗಳನ್ನು ಶುರುವಿನಿಂದಲೇ ವಿರೋಧಿಸಿದರು ಅಂತ. ಹಾಗಲ್ಲ. ರೋಗಿಗಳನ್ನು ಬೇರೆ ಇಡಬೇಕು ಅನ್ನುವುದನ್ನು ಅವರು ಒಪ್ಪಿದ್ದರು. ಪುಣೆಯ ಬೇರೆ ದೊಡ್ಡವರು ಊರು ಬಿಟ್ಟು ಓಡಿದಾಗ ಇವರು ಅಲ್ಲೇ ಉಳಿದರು, ಹಿಂದೂ ಪ್ಲೇಗು ಆಸ್ಪತ್ರೆ ತೆರೆಯುವುದರಲ್ಲಿ ಮುಂದೆ ನಿಂತರು. ಸರ್ಕಾರಿ ಆಸ್ಪತ್ರೆಗೆ ಹೋದವರು ವಾಪಸ್ ಬರುವುದಿಲ್ಲ, ಅಲ್ಲಿ ಯಾರ ಕೈ ನೀರು ಕುಡಿಸುತ್ತಾರೋ ಗೊತ್ತಿಲ್ಲ ಅನ್ನುವ ಭಯಕ್ಕೆ ಅದು ಉತ್ತರ. ಮುಂಬಯಿಯಲ್ಲೂ ಒಂದೊಂದು ಸಮುದಾಯ ತನ್ನದೇ ಪ್ಲೇಗು ಆಸ್ಪತ್ರೆ ಕಟ್ಟಿಕೊಂಡಿತು. ರೋಗ ಜಾತಿ ನೋಡಲಿಲ್ಲ, ಆಸ್ಪತ್ರೆಗಳು ನೋಡಿದವು. ಇದು ಬೇಸರದ ಸಂಗತಿ, ಆದರೆ ನಿಜ. ಜನ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಒಳಗೆ ತಮ್ಮವರಿದ್ದಾರೆ ಅಂತ ಗೊತ್ತಾದಾಗಲೇ.

ತಿಲಕರ ಸಿಟ್ಟು ತಿರುಗಿದ್ದು ಸೋಲ್ಜರುಗಳ ನಡವಳಿಕೆ ಮತ್ತು ರ‍್ಯಾಂಡ್ ದೂರುಗಳಿಗೆ ಕಿವಿಗೊಡದ ರೀತಿ ನೋಡಿದ ಮೇಲೆ. ಅವರ ಕೈಯಲ್ಲಿ 'ಕೇಸರಿ' ಪತ್ರಿಕೆ ಇತ್ತು. ಸಾರ್ವಜನಿಕ ಗಣೇಶೋತ್ಸವ ಶುರುವಾಗಿ ಮೂರ್ನಾಲ್ಕು ವರ್ಷ ಆಗಿತ್ತು, ಶಿವಾಜಿ ಉತ್ಸವವೂ ನಡೆಯುತ್ತಿತ್ತು. ಪೇಟೆ ಪೇಟೆಯಲ್ಲಿ ಮೇಳಗಳು, ತಾಲೀಮು ಮನೆಗಳು. ಹಾಗಾಗಿ ಸಿಟ್ಟು ಹರಿಯುವುದಕ್ಕೆ ಕಾಲುವೆಗಳು ಮೊದಲೇ ತೋಡಿದ್ದವು. ಬೇರೆ ಊರುಗಳಲ್ಲಿ ಅದೇ ಸಿಟ್ಟು ಗಲಭೆಯಾಗಿ ಸಿಡಿದು ಆರಿಹೋಯಿತು. 1898ರ ಮಾರ್ಚ್‌ನಲ್ಲಿ ಮುಂಬಯಿಯ ನೇಕಾರರ ಕೇರಿಯಲ್ಲಿ, ಅದೇ ವರ್ಷ ನಮ್ಮ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ, 1900ರಲ್ಲಿ ಕಾನ್ಪುರದಲ್ಲಿ ಜನ ತಿರುಗಿ ಬಿದ್ದರು. ಪುಣೆಯಲ್ಲಿ ಮಾತ್ರ ಅದು ರಾಜಕೀಯವಾಗಿ ಉಳಿಯಿತು. ಪ್ಲೇಗು ಹೊಸ ರಾಜಕೀಯವನ್ನು ಎಲ್ಲಿಂದಲೋ ಹೊತ್ತು ತರಲಿಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ.

ಚಾಪೇಕರ್ ಸಹೋದರರನ್ನೇ ನೋಡಿ. ದಾಮೋದರ, ಬಾಲಕೃಷ್ಣ, ವಾಸುದೇವ. ಪುಣೆಗೆ ಪ್ಲೇಗು ಬರುವ ಮುಂಚೆಯೇ ಮುಂಬಯಿಯ ವಿಕ್ಟೋರಿಯಾ ರಾಣಿ ಪ್ರತಿಮೆಗೆ ಡಾಂಬರು ಬಳಿದಿದ್ದವರು. ಅವರನ್ನು ಬರೀ ವೀರರು ಅಂತ ಬರೆದು ಮುಗಿಸುವುದು ನನಗೆ ಸಾಧ್ಯವಿಲ್ಲ. ಅವರ ಸಿಟ್ಟಿನಲ್ಲಿ ಹೆಂಗಸರ ಮಾನದ ನೋವಿತ್ತು, ಜೊತೆಗೆ ಮಡಿ ಕೆಟ್ಟಿತು, ಧರ್ಮ ಕೆಟ್ಟಿತು ಅನ್ನುವುದೂ ಅಷ್ಟೇ ದೊಡ್ಡದಾಗಿತ್ತು. ಸಮಾಜ ಸುಧಾರಕರನ್ನು ಕಂಡರೂ ಅವರಿಗೆ ಆಗುತ್ತಿರಲಿಲ್ಲ. ಸಾವಿತ್ರಿಬಾಯಿ ಕಟ್ಟಿದ ಲೋಕ ಅವರದಲ್ಲ. ಪ್ಲೇಗು ಅವರಿಗೆ ಸಿಟ್ಟು ಕೊಡಲಿಲ್ಲ, ಅದು ಮೊದಲೇ ಇತ್ತು. ಪ್ಲೇಗು ಕೊಟ್ಟಿದ್ದು ಊರಿನ ಮೌನ ಒಪ್ಪಿಗೆಯನ್ನು.

1897ರ ಜೂನ್ 22. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ. ತಪಾಸಣೆಗಳು ಮೇ ತಿಂಗಳಲ್ಲೇ ನಿಂತಿದ್ದವು, ರೋಗವೂ ಇಳಿದಿತ್ತು. ಪುಣೆಯ ಗಣೇಶಖಿಂಡದ ಗವರ್ನರ್ ಬಂಗಲೆಯಲ್ಲಿ ರಾತ್ರಿ ಔತಣ, ಸುತ್ತ ಗುಡ್ಡಗಳ ಮೇಲೆ ದೀಪೋತ್ಸವದ ಬೆಂಕಿ, ಪಟಾಕಿ. ಔತಣ ಮುಗಿಸಿ ಗಾಡಿಗಳು ಒಂದೊಂದಾಗಿ ಹೊರಬಂದವು. ಕತ್ತಲಲ್ಲಿ ಯಾವ ಗಾಡಿ ಯಾರದು ಅಂತ ತಿಳಿಯಬೇಕಲ್ಲ, ಅದಕ್ಕೆ ಚಾಪೇಕರ್ ಸಹೋದರರು ಒಂದು ಗುರುತಿನ ಕೂಗು ಇಟ್ಟುಕೊಂಡಿದ್ದರು, 'ಗೋಂದ್ಯಾ ಆಲಾ ರೇ'. ಗೋಂದ್ಯಾ ಬಂದ ಕಣೋ ಅಂತ ಅರ್ಥ. ದಾಮೋದರ ರ‍್ಯಾಂಡ್ ಗಾಡಿಯ ಹಿಂದೆ ಹತ್ತಿ ಗುಂಡು ಹಾರಿಸಿದ. ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಆಯರ್ಸ್ಟ್ ಅಲ್ಲೇ ಸತ್ತರು. ಅವರಿಗೂ ಪ್ಲೇಗು ಸಮಿತಿಯ ನಿರ್ಧಾರಗಳಿಗೂ ರ‍್ಯಾಂಡ್‌ಗೆ ಇದ್ದಂಥ ಸಂಬಂಧ ಇರಲಿಲ್ಲ. ರ‍್ಯಾಂಡ್ ಜುಲೈ 3ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅದೇ ದಿನ, ಅದೇ ಜೂನ್ 22ಕ್ಕೆ, ಬೆಂಗಳೂರಿನಲ್ಲಿ ಏನಾಯಿತು ಗೊತ್ತಾ? ರಾಣಿಯ ಅದೇ 60ನೇ ವರ್ಷದ ನೆನಪಿಗೆ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಕಲಾಸಿಪಾಳ್ಯದ ಕಡೆ ಹೋದಾಗಲೆಲ್ಲ ನನಗೆ ಆ ಕಟ್ಟಡ ನೋಡಿ ಪುಣೆಯ ಆ ರಾತ್ರಿ ನೆನಪಾಗುತ್ತದೆ.

ಮುಂದಿನದು ಬೇಗ ಬೇಗ ನಡೆಯಿತು. ಪುಣೆಯ ಪ್ರಮುಖರಾಗಿದ್ದ ನಾತು ಸಹೋದರರನ್ನು ವಿಚಾರಣೆಯೇ ಇಲ್ಲದೆ ಬಂಧಿಸಿದರು. ಊರಿಗೆ ಹೆಚ್ಚುವರಿ ಪೊಲೀಸ್ ಹಾಕಿ ಅದರ ಖರ್ಚನ್ನು ಜನರ ಮೇಲೆಯೇ ಹೊರಿಸಿದರು. ಜುಲೈ ಕೊನೆಗೆ ತಿಲಕರನ್ನು ಹಿಡಿದರು. ಕೊಲೆಗೂ ಅವರಿಗೂ ಸಂಬಂಧ ಇದೆ ಅಂತ ಸಾಬೀತು ಮಾಡಲು ಆಗಲಿಲ್ಲ, ಆರೋಪ ಇದ್ದದ್ದು ಜೂನ್ 15ರ 'ಕೇಸರಿ'ಯ ಬರಹಗಳ ಮೇಲೆ. ಸೆಕ್ಷನ್ 124ಎ, ರಾಜದ್ರೋಹ. ಕಾಯ್ದೆಯಲ್ಲಿದ್ದ ಪದ 'ಡಿಸ್‌ಅಫೆಕ್ಷನ್'. ಜಡ್ಜ್ ಸ್ಟ್ರೇಚಿ ಅದಕ್ಕೆ ಕೊಟ್ಟ ಅರ್ಥ, ಪ್ರೀತಿ ಇಲ್ಲದಿರುವುದು. ಅಂದರೆ ಸರ್ಕಾರವನ್ನು ಪ್ರೀತಿಸದಿದ್ದರೂ ಅಪರಾಧ. ಒಂಬತ್ತು ಜನರ ಜ್ಯೂರಿಯಲ್ಲಿ ಆರು ಯುರೋಪಿಯನ್ನರು ಅಪರಾಧಿ ಅಂದರು, ಮೂವರು ಭಾರತೀಯರು ಅಲ್ಲ ಅಂದರು. ಸೆಪ್ಟೆಂಬರ್ 14ಕ್ಕೆ 18 ತಿಂಗಳ ಶಿಕ್ಷೆ. ಒಂದು ವರ್ಷಕ್ಕೇ ಬಿಟ್ಟರು, ಆದರೆ ಒಳಗೆ ಹೋದ ತಿಲಕರು ಪುಣೆಯ ನಾಯಕ, ಹೊರಗೆ ಬಂದವರು ಇಡೀ ದೇಶದ ನಾಯಕ. ದಾಮೋದರನನ್ನು 1898ರ ಏಪ್ರಿಲ್ 18ಕ್ಕೆ ಗಲ್ಲಿಗೇರಿಸಿದರು. ಸುಳಿವು ಕೊಟ್ಟ ದ್ರವಿಡ್ ಸಹೋದರರನ್ನು 1899ರ ಫೆಬ್ರವರಿಯಲ್ಲಿ ವಾಸುದೇವ ಮತ್ತು ಜೊತೆಗಾರ ರಾನಡೆ ಕೊಂದರು. ಆ ಮೇ ತಿಂಗಳಲ್ಲಿ ವಾಸುದೇವ, ರಾನಡೆ, ಬಾಲಕೃಷ್ಣ ಮೂವರೂ ಗಲ್ಲಿಗೆ. ದಾಮೋದರನೂ ಸೇರಿ ಒಂದೇ ತಾಯಿಯ ಮೂರು ಮಕ್ಕಳು.

1898ರಲ್ಲಿ ಸರ್ಕಾರ 124ಎ ಸೆಕ್ಷನ್ನನ್ನು ಇನ್ನೂ ಅಗಲ ಮಾಡಿತು, ದ್ವೇಷ, ತಿರಸ್ಕಾರ ಅನ್ನುವ ಪದಗಳನ್ನು ಸೇರಿಸಿತು. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದರ ವಿರುದ್ಧದ 153ಎ ಸೆಕ್ಷನ್ ಬಂದದ್ದೂ ಆಗಲೇ. ಆ ರಾಜದ್ರೋಹದ ಸೆಕ್ಷನ್ ಸ್ವತಂತ್ರ ಭಾರತದಲ್ಲೂ ದಶಕಗಟ್ಟಲೆ ನಡೆಯಿತು, 2022ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಿಡಿಯುವ ತನಕ. ಒಂದು ಪ್ಲೇಗು ಬೇಸಿಗೆಯ ನೆರಳು ಎಷ್ಟು ಉದ್ದ ಬಿತ್ತು ನೋಡಿ.

ಆದರೆ ಸರ್ಕಾರ ಇನ್ನೊಂದು ಪಾಠವನ್ನೂ ಕಲಿಯಿತು, ಸ್ವಲ್ಪ ಸದ್ದಿಲ್ಲದೆ. ಸೈನಿಕರನ್ನು ಬಿಟ್ಟು ಮನೆ ಶೋಧ ಮಾಡಿಸುವುದು ನಿಧಾನವಾಗಿ ನಿಂತಿತು. 1900ರ ಹೊತ್ತಿಗೆ ಬಲವಂತ ಸಾಕು, ಊರು ಬಿಟ್ಟು ಹೊರಗೆ ಹೋಗಿ ಅಂತ ಹೇಳೋಣ, ಚುಚ್ಚುಮದ್ದು ಇಷ್ಟ ಇದ್ದವರಿಗೆ ಹಾಕೋಣ ಅನ್ನುವ ಕಡೆಗೆ ವಾಲಿತು. ನಮ್ಮ ಹುಬ್ಬಳ್ಳಿ ಆಗ ಅದೇ ಮುಂಬಯಿ ಪ್ರಾಂತ್ಯದಲ್ಲಿತ್ತು. 1898ರಲ್ಲಿ ಅಲ್ಲಿ ಪ್ಲೇಗು ಭಯಂಕರವಾಗಿ ಬಂತು. ಹಾಫ್‌ಕಿನ್ ಅವರ ಲಸಿಕೆಯನ್ನು ಅಲ್ಲಿ ಹತ್ತಾರು ಸಾವಿರ ಜನ ಹಾಕಿಸಿಕೊಂಡರು. ಪುಣೆಗಿಂತ ಒಂದೇ ವರ್ಷ ಆಮೇಲೆ, ಅದೇ ಪ್ರಾಂತ್ಯ, ಅದೇ ಸರ್ಕಾರ. ಸೂಜಿಗೆ ಜನ ತೋಳು ಕೊಟ್ಟರು. ಹಾಕಿಸಿಕೊಂಡವರಿಗೆ ಕ್ಯಾಂಪಿನ ಕಾಟದಿಂದ ಸಡಿಲಿಕೆ ಸಿಗುತ್ತಿತ್ತು ಅನ್ನುವುದೂ ಒಂದು ಕಾರಣ. ಏನೇ ಇರಲಿ, ಜನ ಅವಿದ್ಯಾವಂತರು, ಔಷಧಿ ಅಂದರೆ ಹೆದರುತ್ತಾರೆ ಅನ್ನುವ ಆ ಕಾಲದ ಸಾಹೇಬರ ಮಾತಿಗೆ ಹುಬ್ಬಳ್ಳಿಯೇ ಉತ್ತರ.

ಅಲ್ಲಿಂದ ರೈಲಿನಲ್ಲಿ ಅದೇ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಮೈಸೂರು ಸಂಸ್ಥಾನ ವಿ.ಪಿ. ಮಾಧವರಾಯರನ್ನು ಪ್ಲೇಗು ಕಮಿಷನರ್ ಮಾಡಿತು, ಮುಂದೆ ದಿವಾನರಾದವರು ಅವರು. ಇಲ್ಲೂ ಬಲವಂತ ಇತ್ತು, ಗಂಜಾಮಿನ ಗಲಭೆ ಸುಮ್ನೆ ಆಗಲಿಲ್ಲ. ಆದರೆ ಇಲ್ಲಿಯ ಬದಲಾವಣೆ ರಾಜಕೀಯಕ್ಕಿಂತ ಜಾಸ್ತಿ ಊರಿನ ನಕ್ಷೆಯಲ್ಲಿ ಕಾಣುತ್ತದೆ. ಮಲ್ಲೇಶ್ವರಂ, ಬಸವನಗುಡಿ ತುಂಬಿಕೊಂಡಿದ್ದು ಆಗಲೇ. ಅಗಲ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸುವ ಓಣಿ. ದಂಡಿನ ಕಡೆ ಫ್ರೇಜರ್ ಟೌನ್ ಬಂದದ್ದೂ ಅದೇ ಕಾರಣಕ್ಕೆ. ಗಾಳಿ ಬೆಳಕು ಬಂತು, ಆದರೆ ಹೊಸ ಬಡಾವಣೆಗಳ ಸೈಟುಗಳನ್ನೂ ಜಾತಿವಾರು ಹಂಚಿದರು. ಪೇಟೆಯ ಇಕ್ಕಟ್ಟಿನಲ್ಲಿ ಉಳಿದವರು ಉಳಿದೇ ಬಿಟ್ಟರು. ಅವರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು.

ಬೆಂಗಳೂರಿನ ಆ ಪ್ಲೇಗು ಕ್ಯಾಂಪಿನಲ್ಲಿ ದುಡಿದ ಒಬ್ಬ ಡಾಕ್ಟರ್ ಬಗ್ಗೆ ಹೇಳಲೇಬೇಕು. ಪದ್ಮನಾಭನ್ ಪಲ್ಪು. ತಿರುವಿತಾಂಕೂರಿನವರು. ಈಳವ ಜಾತಿ ಅನ್ನುವ ಕಾರಣಕ್ಕೆ ಸ್ವಂತ ಊರಲ್ಲಿ ಡಾಕ್ಟರ್ ಕೆಲಸ ಸಿಗಲಿಲ್ಲ, ಮೈಸೂರು ಸಂಸ್ಥಾನ ಕೊಟ್ಟಿತು. 1896ರಲ್ಲಿ 13,176 ಜನರ ಸಹಿ ಹಾಕಿಸಿ ತಮ್ಮ ಮಹಾರಾಜರಿಗೆ ಮನವಿ ಕೊಟ್ಟಿದ್ದರು, ನಮ್ಮ ಮಕ್ಕಳಿಗೂ ಶಾಲೆ ಕೊಡಿ, ನೌಕರಿ ಕೊಡಿ ಅಂತ. ಎರಡು ವರ್ಷಕ್ಕೆ ಬೆಂಗಳೂರಿನಲ್ಲಿ, ಜನ ಹೆದರಿ ದೂರ ಓಡುತ್ತಿದ್ದ ರೋಗಿಗಳ ನಡುವೆ ನಿಂತಿದ್ದರು. 1903ರಲ್ಲಿ ನಾರಾಯಣ ಗುರುಗಳ ಜೊತೆ ಈಳವರ ಏಳಿಗೆಗಾಗಿ ಎಸ್‌ಎನ್‌ಡಿಪಿ ಸಂಘಟನೆ ಕಟ್ಟಿದವರಲ್ಲಿ ಅವರೂ ಒಬ್ಬರು. ಮುಂಢ್ವಾದ ಹುಡುಗನನ್ನು ಹೊತ್ತ ಸಾವಿತ್ರಿಬಾಯಿ, ಬೆಂಗಳೂರಿನ ಕ್ಯಾಂಪಿನ ಪಲ್ಪು. ಪ್ಲೇಗು ಅಂದ ಕೂಡಲೇ ಪಿಸ್ತೂಲಿನ ಕಥೆಯನ್ನೇ ಹೇಳುವ ನಾವು ಇವರಿಬ್ಬರನ್ನು ಪಕ್ಕಕ್ಕೆ ಇಟ್ಟಿದ್ದೇವೆ ಅನ್ನೋದು ನನಗೆ ನೋವಿನ ವಿಷಯ.

ನಾಲ್ಕು ಸೆಕ್ಷನ್ನಿನ ಆ 1897ರ ಕಾಯ್ದೆ ಸತ್ತಿರಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ಕರ್ನಾಟಕವೂ ಸೇರಿ ದೇಶದ ರಾಜ್ಯಗಳು ಅದನ್ನೇ ಹೊರಗೆ ತೆಗೆದವು. ಏಪ್ರಿಲ್ 19ರ ರಾತ್ರಿ ಬೆಂಗಳೂರಿನ ಪಾದರಾಯನಪುರದಲ್ಲಿ ಕ್ವಾರಂಟೈನಿಗೆ ಕರೆದೊಯ್ಯಲು ಬಂದಾಗ ಜನ ಬ್ಯಾರಿಕೇಡ್ ಮುರಿದರು, ಆರೋಗ್ಯ ಸಿಬ್ಬಂದಿ ಹೆದರಿ ಹಿಂದೆ ಸರಿಯಬೇಕಾಯಿತು. ಮೂರು ದಿನಕ್ಕೆ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಅದೇ ಹಳೇ ಕಾಯ್ದೆಗೆ ತಿದ್ದುಪಡಿ ಮಾಡಿತು, ವೈದ್ಯಕೀಯ ಸಿಬ್ಬಂದಿ ಮೇಲೆ ಕೈ ಮಾಡಿದರೆ ಕಠಿಣ ಶಿಕ್ಷೆ ಅಂತ. ಬೇಕಿತ್ತು ಅದು. ಜುಲೈನಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೋಂಕಿತರಿದ್ದ ಮನೆ ಅಂತ ಎರಡು ಮನೆಗಳ ಬಾಗಿಲಿಗೆ ಹೊರಗಿನಿಂದ ತಗಡು ಹೊಡೆದರು, ಒಳಗೆ ಚಿಕ್ಕ ಮಕ್ಕಳಿದ್ದರು. ಫೋಟೋ ಹರಿದಾಡಿತು. ಆಮೇಲೆ ಪಾಲಿಕೆಯ ಮುಖ್ಯಸ್ಥರು ಕ್ಷಮೆ ಕೇಳಿದರು, ತಗಡು ತೆಗೆಸಿದರು. ಆ ಫೋಟೋ ನೋಡಿದ ನಮ್ಮ ಬೀದಿಯ ಎಷ್ಟು ಜನ ಆ ವಾರ ಜ್ವರವನ್ನು ಯಾರಿಗೂ ಹೇಳಲಿಲ್ಲವೋ, ನನಗೆ ಒಂದು ಮನೆಯದು ಮಾತ್ರ ಗೊತ್ತು. ಅದು ನಮ್ಮದು.

ಅಪ್ಪನಿಗೆ ಎರಡು ದಿನದಿಂದ ಜ್ವರ ಇತ್ತು. ಅಮ್ಮ ಒಳಗಿನ ಕೋಣೆಯ ಬಾಗಿಲು ಮುಂದೆ ಮಾಡಿ, ಯಾರು ಫೋನ್ ಮಾಡಿದರೂ "ಎಲ್ಲಾ ಆರಾಮ" ಅನ್ನುತ್ತಿದ್ದಳು. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಬಂದರು. ಮೂರು ಬೀದಿ ಆಚೆಗೆ ಅವರ ಮನೆ, ನನ್ನ ತಂಗಿಯ ಮಗುವಿಗೆ ಪೋಲಿಯೋ ಹನಿ ಹಾಕಿದವರು. ಒಳಗೆ ಬರಲಿಲ್ಲ. ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ಕಟ್ಟೆ ಮೇಲೆ ಕೂತು, "ಅಕ್ಕಾ, ನೀರು ಕೊಡ್ತೀರಾ" ಅಂದರು. ತಮ್ಮ ಬಾಟಲಿಯನ್ನೇ ಮುಂದೆ ಇಟ್ಟರು, ಲೋಟ ಬೇಡ ಅಂತ. ನೀರು ಕುಡಿದು, ತಮ್ಮ ಮಾವನಿಗೆ ಉಸಿರಾಟ ಹೇಗೆ ಕಷ್ಟವಾಯಿತು ಅಂತ ಹೇಳಿದರು. ಅಮ್ಮನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹತ್ತು ನಿಮಿಷ ಆದ ಮೇಲೆ ಅಮ್ಮನೇ ಅಂದಳು, "ಅವರಿಗೆ ನಿನ್ನೆಯಿಂದ ಸ್ವಲ್ಪ ಮೈ ಬಿಸಿ." ಮೊನ್ನೆಯಿಂದ, ಅಂತ ನಾನು ಕಿಟಕಿಯಿಂದ ಹೇಳಿದೆ. ಬಾಗಿಲಿಗೆ ಸ್ಟಿಕ್ಕರ್ ಅಂಟಿತು, ಅಪ್ಪ ಆಸ್ಪತ್ರೆಗೆ ಹೋದರು, ವಾಪಸ್ ಬಂದರು.

ಆ ಜುಲೈನಲ್ಲೇ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಇಳಿದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ಮಾಸ್ಕು, ಸ್ಯಾನಿಟೈಸರ್ ಕೊಡಿ ಅಂತ. ಗುಲಾಬಿ ಸೀರೆ ಉಟ್ಟು, ಅಂತರ ಬಿಟ್ಟು ನಿಂತ ಹೆಂಗಸರು. ನಮ್ಮ ಬೀದಿಯವರೂ ಹೋಗಿದ್ದರು. ಅಲ್ಲಿಯ ತನಕ ಯಾವ ಮುಷ್ಕರ ಕಂಡರೂ "ಇವರಿಗೆ ಬೇರೆ ಕೆಲಸ ಇಲ್ವಾ" ಅನ್ನುತ್ತಿದ್ದ ಅಮ್ಮ ಆ ದಿನ ಟಿವಿ ಮುಂದೆ ನಿಂತು, ಅವರ ಮುಖ ಕಾಣುತ್ತದಾ ಅಂತ ಹುಡುಕುತ್ತಿದ್ದಳು.